ಹೆಬ್ಬೆರಳೋ ಮುಷ್ಟಿಯೋ

ಆ ಬೆಳಿಗ್ಗೆ ಡಾಕ್ಟರಮ್ಮನಿಗೆ ತನ್ನ ಕೋಟಿನ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಬಲಗೈಯ ಹೆಬ್ಬೆರಳು ಬುಡದಲ್ಲಿ ಊದಿಕೊಂಡು, ಯಾರದೋ ಬೆರಳನ್ನು ತಂದು ಅಂಟಿಸಿದ ಹಾಗೆ ಬಿಗಿದುಕೊಂಡಿತ್ತು. ಮನುಷ್ಯರ ಡಾಕ್ಟರಾಗಿದ್ದರೆ ಹೇಗೋ ಎಡಗೈಯಲ್ಲಿ ಚೀಟಿ ಗೀಚಿ ಕಳಿಸಬಹುದಿತ್ತು. ದನದ ಡಾಕ್ಟರಿಗೆ ಹೆಬ್ಬೆರಳು ಹೋದರೆ ಅರ್ಧ ಕೈ ಹೋದಂತೆಯೇ. ಸೂಜಿ ಒತ್ತುವುದು ಅದು, ಕುರಿಯ ದವಡೆ ಬಿಡಿಸುವುದು ಅದು, ಹೊಟ್ಟೆಯೊಳಗಿನ ಕರುವಿನ ಗೊರಸನ್ನು ಹುಡುಕಿ ಹಿಡಿಯುವುದೂ ಅದೇ.

ಬೆರಳಿಗೆ ಈ ಗತಿ ತಂದದ್ದು ಅವಳ ಗಾಡಿ. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಕಾರು ಹೋಗುವುದಿಲ್ಲ, ಜೀಪು ಅರ್ಧ ದಾರಿಯಲ್ಲೇ ಕೈಮುಗಿಯುತ್ತದೆ. ಹಾಗಾಗಿ ದಪ್ಪ ಟೈರಿನ, ನಾಲ್ಕು ಚಕ್ರದ ಬೈಕೊಂದನ್ನು ಇಟ್ಟುಕೊಂಡಿದ್ದಳು. ಊರಿನವರು ಅದನ್ನು ಎಟಿವಿ ಅಂತ ಕರೆಯುತ್ತಿದ್ದರು, ಕೆಲವರು ಕಪ್ಪೆಗಾಡಿ ಅಂತಲೂ. ಅದರ ಹ್ಯಾಂಡಲಿನ ಬಲಗಡೆ ಒಂದು ಪುಟ್ಟ ಸನ್ನೆಕೋಲು, ಅಂದರೆ ಥ್ರಾಟಲ್. ಹೆಬ್ಬೆರಳಿನಿಂದ ಒತ್ತಿದರೆ ಗಾಡಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ದಿನವಿಡೀ ಏರಿಳಿದು ಏರಿಳಿದು, ಒತ್ತಿ ಒತ್ತಿ, ಕೊನೆಗೆ ಬೆರಳು ಮುಷ್ಕರ ಹೂಡಿತ್ತು.

ಅವಳಿಗೆ ನಲವತ್ತು ದಾಟಿತ್ತು. ಆಸ್ಪತ್ರೆಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಳು. ಮದುವೆಯ ಮಾತೆತ್ತಿದ ಚಿಕ್ಕಮ್ಮಂದಿರಿಗೆಲ್ಲ "ಮೊದಲು ಈ ಕರು ಹೊರಗೆ ಬರಲಿ" ಎನ್ನುತ್ತ ಬಂದಿದ್ದಳು. ಒಂದು ಕರು ಹೊರಗೆ ಬರುವಷ್ಟರಲ್ಲಿ ಇನ್ನೊಂದು ತಯಾರಾಗುತ್ತಿತ್ತು. ಚಿಕ್ಕಮ್ಮಂದಿರು ಕೇಳುವುದನ್ನು ಬಿಟ್ಟಿದ್ದರು.

ಕೋಟಿನ ಗುಂಡಿಯನ್ನು ಹಾಗೇ ಬಿಟ್ಟು, ಎಡ ಅಂಗೈಯಿಂದ ಸನ್ನೆಯನ್ನು ಒತ್ತುತ್ತ, ಸೊಟ್ಟಸೊಟ್ಟಗೆ ಗಾಡಿ ಓಡಿಸಿಕೊಂಡು ಅವಳು ಗ್ಯಾರೇಜಿಗೆ ಬಂದಳು.

ಆ ಗ್ಯಾರೇಜನ್ನು ನಡೆಸುತ್ತಿದ್ದವರು ಅಕ್ಕ ತಮ್ಮ. ಅಕ್ಕ ಒಂದು ಕಾಲದಲ್ಲಿ ಮರಳಿನ ರೇಸುಗಳಲ್ಲಿ ಹೆಸರು ಮಾಡಿದವಳು. ಈಗ ಒಂದು ಮೊಣಕಾಲು ಸ್ವಲ್ಪ ಕುಂಟು, ಬಾಯಿ ಮಾತ್ರ ಅದೇ ವೇಗ. ಊರಿಗೆಲ್ಲ ಅವಳು ಅಕ್ಕನೇ. ತಮ್ಮನನ್ನು ಎಲ್ಲರೂ ಗ್ರೀಸಣ್ಣ ಅನ್ನುತ್ತಿದ್ದರು. ಯಂತ್ರದ ವಿಷಯ ಬಂದರೆ ಹರಳು ಹುರಿದಂತೆ ಮಾತಾಡುವವನು, ಬೇರೆ ಯಾವ ವಿಷಯ ಬಂದರೂ ತುಟಿ ಹೊಲಿದುಕೊಂಡವನ ಹಾಗೆ ನಿಲ್ಲುತ್ತಿದ್ದ. ಅವನಿಗೂ ಮದುವೆಯಾಗಿರಲಿಲ್ಲ. ಕೇಳಬೇಕಾದವರ ಮುಂದೆ ಯಾವತ್ತೂ ಯಂತ್ರದ ವಿಷಯವನ್ನೇ ಮಾತಾಡಿ ಎದ್ದು ಬಂದಿದ್ದನಂತೆ.

"ಅಯ್ಯೋ, ಏನಿದು ಬೆರಳು ಬದನೆಕಾಯಿ ಆಗಿದೆ!" ಎಂದು ಅಕ್ಕ ಸ್ಪ್ಯಾನರ್ ಬಿಸಾಕಿ ಬಂದಳು. "ಡಾಕ್ಟ್ರೇ, ಇದಕ್ಕೆ ನಮ್ಮ ತಮ್ಮನ ಪ್ರೀತಿಯ ಹೆಬ್ಬೆರಳ ಥ್ರಾಟಲ್ಲೇ ಕಾರಣ. ಒಂದು ಬೆರಳಿಗೆ ಇಡೀ ಗಾಡಿ ಎಳೆಯೋ ಕೆಲಸ, ಉಳಿದ ನಾಲ್ಕಕ್ಕೆ ಸಂಬಳ ಸಹಿತ ರಜಾ! ಕಿತ್ತು ಬಿಸಾಕಿ ಮುಷ್ಟಿ ಥ್ರಾಟಲ್ ಹಾಕಿಸ್ಕೊಳ್ಳಿ. ಮೋಟರ್‌ಬೈಕಿನ ಥರ ಹಿಡಿಯನ್ನೇ ತಿರುವೋದು. ಇಡೀ ಕೈ ಕೆಲಸ ಮಾಡುತ್ತೆ, ಯಾವ ಬೆರಳಿಗೂ ನೋವಿಲ್ಲ."

"ಬೈಕು ವಾಲುತ್ತೆ ಅಕ್ಕ, ಇದು ಎಗರುತ್ತೆ," ಎಂದ ಗ್ರೀಸಣ್ಣ. ಅವನು ಡಾಕ್ಟರಮ್ಮನ ಬೆರಳನ್ನು ಎರಡು ಮಾರು ದೂರದಿಂದ, ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತಿದ್ದ. "ಕಲ್ಲು ಹತ್ತಿ ಎಗರಿದಾಗ ಮೈ ಹಿಂದಕ್ಕೆ ಜೋಲಿ ಹೊಡೆಯುತ್ತೆ. ಬೀಳಬಾರದು ಅಂತ ಹಿಡಿಯನ್ನ ಗಟ್ಟಿಯಾಗಿ ಎಳ್ಕೋತೀವಿ. ಎಳೆದ್ರೆ ಅದು ತಿರುಗುತ್ತೆ, ತಿರುಗಿದ್ರೆ ಗಾಡಿ ಇನ್ನೂ ಜೋರು, ಜೋರಾದ್ರೆ ಇನ್ನೂ ಎಳ್ಕೋತೀವಿ. ಮುಗೀತು ಕಥೆ. ಹೆಬ್ಬೆರಳಿನದಾದ್ರೆ ಜೋಲಿ ಹೊಡೆದ ತಕ್ಷಣ ಬೆರಳು ಜಾರುತ್ತೆ, ಗಾಡಿ ತಾನಾಗೇ ಸುಮ್ಮನಾಗುತ್ತೆ."

"ನಾನು ಅಷ್ಟು ವರ್ಷ ಓಡಿಸಿದೀನಿ, ಒಂದು ಸಲನಾದ್ರೂ ಹಾಗಾಗಿದ್ಯಾ?"

"ಮತ್ತೆ ಮೊಣಕಾಲು ಯಾಕೆ ಕುಂಟುತ್ತೆ?"

"ಅದು ಮೆಟ್ಟಿಲ ಮೇಲಿಂದ ಬಿದ್ದಿದ್ದು!"

"ಮೆಟ್ಟಿಲ ಮೇಲೆ ಹೋಗಿದ್ದು ಗಾಡಿ ಸಮೇತ ತಾನೆ?"

ಡಾಕ್ಟರಮ್ಮ ನಗು ತಡೆಯಲಾರದೆ ಟೈರಿನ ಗುಡ್ಡೆಯ ಮೇಲೆ ಕುಳಿತಳು. ಈ ಜಗಳ ಊರಿಗೇ ಹಳೆಯದು. ಗ್ಯಾರೇಜಿನ ಎಡಗೋಡೆಗೆ ಅಕ್ಕನ ಮುಷ್ಟಿ ಥ್ರಾಟಲ್‌ಗಳು, ಬಲಗೋಡೆಗೆ ತಮ್ಮನ ಹೆಬ್ಬೆರಳಿನವು ಸಾಲಾಗಿ ತೂಗುತ್ತಿದ್ದವು. ನಡುವಿನ ಕಿಟಕಿಯಲ್ಲಿ ಇಬ್ಬರಿಗೂ ಸೇರಿದ ಒಂದೇ ಟೀ ಕೆಟಲು.

"ಜಗಳ ಆಮೇಲೆ ಆಡಿ," ಎಂದಳು ಅವಳು. "ನನಗೆ ಯಾವುದು ಒಳ್ಳೇದು ಅಂತ ಹೇಳಿ ಸಾಕು."

"ಹೇಳೋದೇನು, ಓಡಿಸೇ ನೋಡಿ!" ಎಂದಳು ಅಕ್ಕ. "ನನ್ನ ಕೆಂಪು ಗಾಡಿಗೆ ಮುಷ್ಟಿ ಇದೆ, ಇವನ ಬೂದಿ ಗಾಡಿಗೆ ಹೆಬ್ಬೆರಳು. ಮರಳು ಗುಂಡಿಗೆ ಹೋಗೋಣ. ಏಳಿ."

ಗ್ಯಾರೇಜಿನ ಹಿಂದೆ, ಬೀದಿಯ ಕೊನೆಯ ಮನೆ ದಾಟಿದರೆ, ಮರಳು ತೆಗೆದು ಬಿಟ್ಟ ಅಗಲವಾದ ಗುಂಡಿ. ಡಾಕ್ಟರಮ್ಮನ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಮೂವರೂ ಅಲ್ಲಿಗೆ ಹೋದರು. ಮೊದಲು ಅವಳು ಬೂದಿ ಗಾಡಿ ಹತ್ತಿದಳು. ನಿಧಾನವಾಗಿ ಎರಡು ಸುತ್ತು ಬಂದಳು. ಬೆರಳು ನೋಯಿತು, ಆದರೆ ತನ್ನ ಗಾಡಿಯಲ್ಲಿ ನೋಯುವಷ್ಟು ಅಲ್ಲ. ಹೊಸ ಗಾಡಿ, ಹಾಗಿರಬಹುದು ಅಂದುಕೊಂಡಳು. ಆಮೇಲೆ ಕೆಂಪು ಗಾಡಿ.

ಹಿಡಿಯನ್ನು ಒಂದಿಷ್ಟು ತಿರುವಿದಳು. ಗಾಡಿ ಗುರ್ರೆಂದಿತು. ಇನ್ನೊಂದಿಷ್ಟು ತಿರುವಿದಳು. ಅದು ಕಟ್ಟು ಹರಿದುಕೊಂಡ ಹೋರಿಯ ಹಾಗೆ ಹೊರಟೇ ಹೋಯಿತು. ಅವಳ ಗಂಟಲಿನಿಂದ ಒಂದು ಕೂಗು ಹೊರಟಿತು. ಅದು ಹೆದರಿಕೆಯದು ಅಂದುಕೊಂಡಿದ್ದಳು. ಅರ್ಧ ಸುತ್ತು ಬರುವಷ್ಟರಲ್ಲಿ ಅದು ಖುಷಿಯದು ಅಂತ ಗೊತ್ತಾಯಿತು. ಹೆಬ್ಬೆರಳು ಸುಮ್ಮನೆ ಹಿಡಿಯನ್ನು ತಬ್ಬಿಕೊಂಡು ಕುಳಿತಿತ್ತು, ನೋವೇ ಇಲ್ಲ! ಗುಂಡಿಯ ಅಂಚಿಗೆ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಬಾಯಿತುಂಬ ಮರಳು. ಬಿಚ್ಚಿದ ಕೋಟು ಬಾವುಟದ ಹಾಗೆ ಹಿಂದೆ ಹಾರುತ್ತಿತ್ತು. ಗ್ರೀಸಣ್ಣ "ಕೈ ಸಡಿಲ! ಕೈ ಸಡಿಲ!" ಎಂದು ಕೂಗುತ್ತ ಹಿಂದೆ ಓಡುತ್ತಿದ್ದ. ಅಕ್ಕ ಗುಂಡಿಯ ದಡದಲ್ಲಿ ಕುಂಟುಕಾಲಿನಲ್ಲೇ ಕುಣಿಯುತ್ತಿದ್ದಳು.

ನಿಲ್ಲಿಸಿದಾಗ ಅವಳಿಗೆ ತಲೆ ಸುತ್ತುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ಏದುಸಿರು ಬಿಡುತ್ತ ಬಂದ ಗ್ರೀಸಣ್ಣನೂ ನಗುತ್ತಿದ್ದ. ಅವನು ನಗುವುದನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ನಕ್ಕರೆ ಅವನ ಇಡೀ ಮುಖ ಒಂದು ಪಕ್ಕಕ್ಕೆ ಸರಿಯುತ್ತಿತ್ತು.

"ಇದೇ! ನನಗೆ ಇದೇ ಬೇಕು!" ಎಂದಳು.

"ಕೇಳಿಸ್ತಾ?" ಎಂದಳು ಅಕ್ಕ ತಮ್ಮನಿಗೆ. "ಇನ್ನೊಂದು ಸಲ ಕೇಳ್ತೀಯಾ?"

"ಮರಳು ಅಕ್ಕ, ಇದು ಮರಳು. ಮರಳಲ್ಲಿ ಎಲ್ಲರೂ ರಾಜರೇ. ಕಲ್ಲಿನ ದಾರೀಲಿ—"

ಅಷ್ಟರಲ್ಲಿ ಡಾಕ್ಟರಮ್ಮನ ಫೋನು ಹೊಡೆದುಕೊಂಡಿತು. ಗುಡ್ಡದ ತುದಿಯಲ್ಲಿ ಹಸು ಸಾಕಿಕೊಂಡಿದ್ದ ಹಾಲಿನಜ್ಜಿ. "ನನ್ನ ಕೆಂಪಿ ಬೆಳಗ್ಗೆಯಿಂದ ತಿಣುಕ್ತಿದಾಳೆ ಕಣಮ್ಮ. ಒಂದು ಕಾಲು ಹೊರಗೆ ಬಂದಿದೆ. ಇನ್ನೊಂದು ಕಾಣ್ತಾನೇ ಇಲ್ಲ. ಬೇಗ ಬಾ ತಾಯಿ."

ಡಾಕ್ಟರಮ್ಮನ ನಗು ಅಲ್ಲಿಗೆ ನಿಂತಿತು. ಮೂವರೂ ಗ್ಯಾರೇಜಿಗೆ ಮರಳಿದರು. ಔಷಧಿ ಪೆಟ್ಟಿಗೆ ಅವಳ ಗಾಡಿಗೇ ಬೋಲ್ಟು ಹಾಕಿ ಕೂರಿಸಿದ್ದು. ಬಿಚ್ಚುತ್ತ ಕೂರಲು ಸಮಯವಿರಲಿಲ್ಲ. ಹಗ್ಗ, ಕೈಗವಸು ಇದ್ದ ಚೀಲವನ್ನು ಮಾತ್ರ ಹೆಗಲಿಗೆ ಹಾಕಿಕೊಂಡಳು.

"ನೀವು ಕೆಂಪು ಗಾಡೀಲೇ ಹೋಗಿ ಡಾಕ್ಟ್ರೇ, ಬೆರಳು ಉಳಿಯುತ್ತೆ," ಎಂದಳು ಅಕ್ಕ. "ನಾನು ನಿಮ್ಮ ಗಾಡೀನ ಪೆಟ್ಟಿಗೆ ಸಮೇತ ತರ್ತೀನಿ. ಏ ತಮ್ಮ, ನೀನೂ ಹೋಗು, ಹಗ್ಗ ಎಳೆಯೋಕೆ ಜನ ಬೇಕಾಗುತ್ತೆ."

ಹೀಗೆ ಮೂರು ಗಾಡಿಗಳು ಗುಡ್ಡ ಹತ್ತಿದವು. ಕೆಳಗಿನ ಮಣ್ಣುದಾರಿ ಮುಗಿಯುವವರೆಗೆ ಎಲ್ಲ ಚೆನ್ನಾಗಿತ್ತು. ಡಾಕ್ಟರಮ್ಮ ಮುಂದೆ, ಗ್ರೀಸಣ್ಣ ಅವಳ ಹಿಂದೆ. ಮೂರನೆಯ ಗಾಡಿ ಯಾಕೋ ಹಿಂದೆ ಹಿಂದೆ ಬೀಳುತ್ತಿತ್ತು. ಅಜ್ಜಿಯ ಮನೆಗೆ ಮುಂಚಿನ ಕೊನೆಯ ತಿರುವು ದಾಟಿದ ಮೇಲೆ ಕಲ್ಲುಗಳು ಶುರುವಾದವು. ಒಂದು ಹತ್ತಿತು, ಎರಡು ಹತ್ತಿತು. ಮೂರನೆಯದು ಆಮೆಯ ಬೆನ್ನಿನ ಹಾಗೆ ನುಣ್ಣಗೆ ಉಬ್ಬಿದ ಕಲ್ಲು. ಮುಂದಿನ ಚಕ್ರ ಅದರ ಮೇಲೆ ಏರಿದ್ದೇ ತಡ, ಅವಳ ಮೈ ಹಿಂದಕ್ಕೆ ವಾಲಿತು. ಮುಷ್ಟಿ ತಾನಾಗಿ ಬಿಗಿಯಿತು.

ಆಮೇಲೆ ಗ್ರೀಸಣ್ಣ ಬೆಳಿಗ್ಗೆ ಹೇಳಿದ್ದೆಲ್ಲ ಅವನು ಹೇಳಿದ ಕ್ರಮದಲ್ಲೇ ನಡೆಯಿತು. ಎಳೆದಳು, ತಿರುಗಿತು, ಎಗರಿತು, ಇನ್ನೂ ಎಳೆದಳು. "ಬಿಡಿ! ಕೈ ಬಿಡಿ!" ಎಂದು ಹಿಂದಿನಿಂದ ಕೂಗು ಕೇಳಿಸುತ್ತಿತ್ತು. ಬಿಟ್ಟರೆ ಬೀಳುತ್ತೇನೆ ಅಂತ ತಲೆಗೆ ಗೊತ್ತು, ಹಿಡಿದರೆ ಹಾರುತ್ತೇನೆ ಅಂತ ಕೈಗೆ ಗೊತ್ತಿಲ್ಲ. ಗಾಡಿ ಬೇಲಿಯ ತೆರೆದ ಬಾಗಿಲಿನಿಂದ ಹಾಲಿನಜ್ಜಿಯ ಅಂಗಳಕ್ಕೆ ನುಗ್ಗಿತು. ಕೋಳಿಗಳು ದಿಕ್ಕಾಪಾಲಾದವು. ಒಗೆದು ಹಾಕಿದ ಒಂದು ಬೆಡ್‌ಶೀಟು ಅವಳ ಕತ್ತಿಗೆ ಸುತ್ತಿಕೊಂಡು ಜೊತೆಗೇ ಹೊರಟಿತು. ಎಲ್ಲ ಸೇರಿ ಒಣಹುಲ್ಲಿನ ಬಣವೆಯೊಳಗೆ ಧೊಪ್ಪೆಂದು ಹೊಕ್ಕು ನಿಂತವು. ಎಂಜಿನ್ ಕೆಮ್ಮಿ ಆರಿತು.

ಹುಲ್ಲಿನ ಒಳಗಿನಿಂದ ಮೊದಲು ಒಂದು ಕೈ ಬಂತು, ಆಮೇಲೆ ಚೀಲ, ಆಮೇಲೆ ತಲೆ.

ಹಾಲಿನಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಬೇಗ ಬಾ ಅಂದಿದ್ದು ಹೌದಮ್ಮ," ಎಂದಳು. "ಇಷ್ಟು ಬೇಗ ಅಂತ ಅಂದಿರ್ಲಿಲ್ಲ."

ಗ್ರೀಸಣ್ಣ ಗಾಡಿ ಬಿಟ್ಟು ಓಡಿಬಂದ. ಮುಖ ಬಿಳಿಚಿಕೊಂಡಿತ್ತು. "ಪೆಟ್ಟಾಯ್ತಾ? ಎಲ್ಲಿ? ಕೈ ನೋಡ್ಲಾ? ಕಾಲು?" ಎಂದು ಅವಳ ಸುತ್ತ ಮೂರು ಸುತ್ತು ಬಂದ. ಅವಳ ಕೂದಲಿನಿಂದ ಒಂದು ಹುಲ್ಲುಕಡ್ಡಿ ತೆಗೆದ, ಅದನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

"ಏನೂ ಆಗಿಲ್ಲ. ಹಸು ಎಲ್ಲಿ?" ಎಂದಳು ಅವಳು, ಬೆಡ್‌ಶೀಟನ್ನು ಕತ್ತಿನಿಂದ ಬಿಚ್ಚುತ್ತ.

ಕೆಂಪಿ ಗೋಡೆಗೆ ಮೈ ಒತ್ತಿ ನಿಂತು ನರಳುತ್ತಿದ್ದಳು. ಡಾಕ್ಟರಮ್ಮ ಉದ್ದ ಕೈಗವಸು ಹಾಕಿ, ಸೋಪು ನೀರು ಸವರಿಕೊಂಡು ಕೈ ಒಳಗೆ ಬಿಟ್ಟಳು. ಕಣ್ಣು ಮುಚ್ಚಿ ತಡಕಿದಳು. ತಲೆ ಸರಿಯಾಗಿದೆ. ಒಂದು ಮುಂಗಾಲು ಹೊರಗೆ. ಇನ್ನೊಂದು ಮಂಡಿಯಲ್ಲಿ ಮಡಚಿ ಹಿಂದಕ್ಕೆ ಸಿಕ್ಕಿಕೊಂಡಿದೆ. ಕರುವನ್ನು ಮೊದಲು ಒಳಕ್ಕೆ ತಳ್ಳಬೇಕು, ಆಗ ಸಿಗುವ ಜಾಗದಲ್ಲಿ ಗೊರಸನ್ನು ಅಂಗೈಯೊಳಗೆ ಮುಚ್ಚಿ ಹಿಡಿದು ಮುಂದಕ್ಕೆ ತರಬೇಕು. ಗೊರಸನ್ನು ಮುಚ್ಚದೆ ತಂದರೆ ಅದರ ತುದಿ ತಾಗಿ ತಾಯಿಯ ಒಳಭಾಗ ಹರಿಯುತ್ತದೆ.

ಅಂಗೈಯಲ್ಲಿ ಮುಚ್ಚಿ ಹಿಡಿಯಲು ಹೆಬ್ಬೆರಳು ಮಡಚಬೇಕು. ಅವಳು ಹಲ್ಲು ಕಚ್ಚಿ ಮಡಚಿದಳು. ಗುಡ್ಡ ಹತ್ತುವಾಗ ಅದಕ್ಕೆ ಕೆಲಸವಿಲ್ಲದ್ದರಿಂದ ಇಷ್ಟಾದರೂ ಮಡಚಿತು. ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ಮೂರನೆಯ ಸಲ ಗೊರಸು ಅಂಗೈಯಲ್ಲಿ ಕೂತಿತು. ಕಾಲನ್ನು ಮುಂದಕ್ಕೆ ತಂದು, ಎರಡೂ ಮುಂಗಾಲಿಗೆ ಹಗ್ಗ ಬಿಗಿದಳು.

"ಸಿಕ್ತು. ಗ್ರೀಸಣ್ಣ, ಹಗ್ಗ ಹಿಡೀರಿ. ನಾನು ಹೇಳಿದಾಗ ಮಾತ್ರ ಎಳೀರಿ, ಕೆಳಮುಖವಾಗಿ. ಗ್ರೀಸಣ್ಣ?"

ಎಂಜಿನ್ನನ್ನು ಬರಿಗೈಯಲ್ಲಿ ಎತ್ತಿಡುವ ಗ್ರೀಸಣ್ಣ ಕಂಬ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ.

"ಯಂತ್ರ ಅಂದ್ಕೊಳ್ಳಿ!" ಎಂದು ಗದರಿದಳು ಅವಳು. "ಶಾಫ್ಟು ಸಿಕ್ಕಿಹಾಕ್ಕೊಂಡಿದೆ, ಗ್ರೀಸು ಹಾಕಿದೀವಿ, ಮೆಲ್ಲಗೆ ಎಳೀಬೇಕು!"

ಅಷ್ಟು ಹೇಳಿದ್ದೇ ಸಾಕಾಯಿತು. ಅವನು ಬಂದು ಹಗ್ಗ ಹಿಡಿದ. ಕೆಂಪಿ ತಿಣುಕಿದಾಗ ಎಳೆದ, ನಿಲ್ಲಿಸಿದಾಗ ನಿಲ್ಲಿಸಿದ. ಮೂಗು ಬಂತು, ಹಣೆ ಬಂತು, ಹೆಗಲು ಬಂತು, ಆಮೇಲೆ ಇಡೀ ಕರು ಅವರಿಬ್ಬರ ಮಡಿಲಿಗೇ ಜಾರಿ ಬಿತ್ತು. ಇಬ್ಬರೂ ಹಿಂದಕ್ಕೆ ಉರುಳಿದರು. ಹುಲ್ಲಿನಿಂದ ಉಜ್ಜಿದರು, ಮೂಗಿನ ಲೋಳೆ ತೆಗೆದರು. ಕರು ಸೀನಿತು. ಆ ಸೀನಿಗೆ ಹಾಲಿನಜ್ಜಿ ಚಪ್ಪಾಳೆ ತಟ್ಟಿದಳು, ಡಾಕ್ಟರಮ್ಮ ಗಹಗಹಿಸಿದಳು, ಗ್ರೀಸಣ್ಣ ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಬಳಿದುಕೊಂಡ.

"ಹೆಣ್ಣು!" ಎಂದಳು ಅಜ್ಜಿ. "ಬಣವೆಗೆ ಗುದ್ದಿಸಿದ್ದನ್ನ ಕ್ಷಮಿಸಿದೀನಿ."

ಆಗ ಅಂಗಳದಲ್ಲಿ ಮೂರನೆಯ ಗಾಡಿ ಬಂದು ನಿಂತ ಸದ್ದಾಯಿತು. ಅಕ್ಕ ಬಲಗೈಯನ್ನು ಎಡ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದಳು.

"ಅಯ್ಯಯ್ಯೋ, ಹೆಬ್ಬೆರಳು ಹೋಯ್ತು! ಡಾಕ್ಟ್ರೇ, ಇದನ್ನ ದಿನಾ ಹೇಗೆ ಓಡಿಸ್ತೀರಿ ತಾಯಿ? ಬಂಡೆ ತಳ್ಳಿದ ಹಾಗಾಗುತ್ತೆ! ಏ ತಮ್ಮ, ನಿನ್ನ ಹೆಬ್ಬೆರಳ ಥ್ರಾಟಲ್ಲಿಗಿಷ್ಟು ಬೆಂಕಿ ಹಾಕ!"

ಡಾಕ್ಟರಮ್ಮ ಪೆಟ್ಟಿಗೆ ತೆರೆದು ಕೆಂಪಿಗೆ ಚುಚ್ಚುಮದ್ದು ಕೊಟ್ಟಳು, ಕೈ ತೊಳೆದುಕೊಂಡಳು. ಕರು ನಾಲ್ಕು ಕಾಲುಗಳನ್ನು ನಾಲ್ಕು ದಿಕ್ಕಿಗೆ ಇಟ್ಟು ಎದ್ದು ನಿಲ್ಲಲು ನೋಡುತ್ತಿತ್ತು. ಅಂಗಳದ ಕಲ್ಲಿನ ಮೇಲೆ ಅಜ್ಜಿ ಕೊಟ್ಟ ಬಿಸಿ ಹಾಲು ಕುಡಿಯುತ್ತ ಮೂವರೂ ಕುಳಿತರು.

"ನಿಮ್ಮ ಮುಷ್ಟಿ ನನ್ನನ್ನ ಬಣವೆಗೆ ಹಾಕಿತು ಅಕ್ಕ," ಎಂದಳು ಡಾಕ್ಟರಮ್ಮ. "ನಿಮ್ಮ ತಮ್ಮ ಹೇಳಿದ ಹಾಗೇ. ಆದರೆ ಬೆರಳು ಮಾತ್ರ ಉಳೀತು, ನೀವು ಹೇಳಿದ ಹಾಗೇ. ಈಗ ನಾನೇನು ಮಾಡಲಿ? ಕೆಲಸಕ್ಕೆ ಹೋಗೋ ದಾರೀಲಿ ಹಾರೋಕಾಗಲ್ಲ. ಆದರೂ ಒಂದು ವಿಷಯ. ಬೂದಿ ಗಾಡಿ ನಂದರಷ್ಟು ನೋಯಿಸಲಿಲ್ಲ. ಅದೂ ಹೆಬ್ಬೆರಳಿನದೇ ಅಲ್ವಾ?"

ಅಕ್ಕ ಹಾಲಿನ ಲೋಟ ಕೆಳಗಿಟ್ಟಳು. ಎದ್ದು ಹೋಗಿ ಬೂದಿ ಗಾಡಿಯ ಸನ್ನೆ ಒತ್ತಿ ನೋಡಿದಳು. ಆಮೇಲೆ ಡಾಕ್ಟರಮ್ಮನ ಗಾಡಿಯದು ಒತ್ತಿದಳು. ಕಿರ್ರ್ ಅಂದಿತು. ಬಗ್ಗಿ, ಸನ್ನೆಯಿಂದ ಎಂಜಿನ್ನಿಗೆ ಹೋಗುವ ಕೇಬಲ್ಲನ್ನು ಬೆರಳಿನಿಂದ ಸವರಿ ನೋಡಿದಳು.

"ಒಣಗಿ ಕಡ್ಡಿಯಾಗಿದೆ! ಮಡಚಿದ ಕಡೆ ತುಕ್ಕು ಬೇರೆ! ಇದು ಥ್ರಾಟಲ್ಲಿನ ತಪ್ಪಲ್ಲ ಡಾಕ್ಟ್ರೇ, ಕೇಬಲ್ಲಿನ ತಪ್ಪು. ನಾಲ್ಕು ಹನಿ ಎಣ್ಣೆಯ ಕೆಲಸ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ..." ಅಲ್ಲಿಗೆ ಅವಳ ಮಾತು ನಿಂತಿತು. ಮೆಲ್ಲಗೆ ತಮ್ಮನ ಕಡೆ ತಿರುಗಿದಳು. "ಒಂದು ನಿಮಿಷ. ಬೀದಿ ತುದೀಲಿ ಬರೋ ಗಾಡಿಯ ಒಣ ಕೇಬಲ್ಲು ನಿನಗೆ ಟೀ ಕುಡೀತಾ ಕೂತಲ್ಲೇ ಕೇಳಿಸುತ್ತೆ. ಇವತ್ತು ಗೇಟಿನೊಳಗೇ ಬಂದದ್ದು ಕೇಳಿಸಲಿಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗ್ರೀಸಣ್ಣ ತನ್ನ ಎರಡೂ ಕಿವಿ ಮುಟ್ಟಿಕೊಂಡ. ಅವು ಕೆಂಪಗಾಗಿದ್ದವು.

"ಕೇಳಿಸ್ತು," ಎಂದ.

"ಮತ್ತೆ?"

ಅವನು ಕರುವನ್ನು ನೋಡಿದ, ಕೋಳಿಯನ್ನು ನೋಡಿದ, ಬಣವೆಯನ್ನು ನೋಡಿದ. ಬೇರೆ ನೋಡುವುದಕ್ಕೆ ಏನೂ ಉಳಿಯದಿದ್ದಾಗ ಡಾಕ್ಟರಮ್ಮನನ್ನು ನೋಡಿದ. "ಹೇಳಿದ್ರೆ ಐದು ನಿಮಿಷದಲ್ಲಿ ರಿಪೇರಿ ಆಗಿಬಿಡೋದು. ನೀವು ಹೊರಟುಬಿಡ್ತಿದ್ರಿ. ಇನ್ನೂ ಸ್ವಲ್ಪ ಹೊತ್ತು ಇರಲಿ ಅಂತ... ಸಂಜೆ ಕಳಿಸೋ ಮೊದಲು ಎಣ್ಣೆ ಹಾಕ್ತಿದ್ದೆ. ಆಣೆ."

ಹಾಲಿನಜ್ಜಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದಳು. ಡಾಕ್ಟರಮ್ಮನಿಗೆ ಮೊದಲು ಸಿಟ್ಟು ಬಂತು. "ಅಂದ್ರೆ ನಾಲ್ಕು ಹನಿ ಎಣ್ಣೆಗೆ ಬದಲು ನನ್ನನ್ನ ಬಣವೆಗೆ ಹಾಕಿಸಿದ್ರಿ!" ಎಂದಳು.

"ಬಣವೆ ಅಕ್ಕಂದು," ಎಂದ ಅವನು ದೀನನಾಗಿ. "ಮರಳು ಗುಂಡಿ ತನಕ ಮಾತ್ರ ನಂದು."

ಅವಳ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹೊಟ್ಟೆಯ ಒಳಗಿನಿಂದ ನಗು ಉಕ್ಕಿ ಬಂತು, ಮರಳು ಗುಂಡಿಯಲ್ಲಿ ಬಂದದ್ದಕ್ಕಿಂತ ಜೋರಾಗಿ. ಹಾಲು ಮೂಗಿಗೆ ಹತ್ತಿತು. ಅಕ್ಕ ಬೆನ್ನು ತಟ್ಟಲು ಬಂದವಳು ತಾನೂ ನಗುತ್ತ ನೆಲಕ್ಕೆ ಕುಸಿದಳು. "ಇವನು ಮಾತಾಡಿಬಿಟ್ಟ! ಯಂತ್ರ ಬಿಟ್ಟು ಬೇರೆ ಮಾತಾಡಿಬಿಟ್ಟ!" ಎಂದು ನೆಲ ಬಡಿದಳು.

ಗ್ರೀಸಣ್ಣ ನಾಚಿಕೆ ತಡೆಯಲಾರದೆ ಕೆಲಸ ಹಿಡಿದ. ಕೇಬಲ್ಲು ಬಿಚ್ಚಿದ, ತುಕ್ಕು ಉಜ್ಜಿದ, ಎಣ್ಣೆ ಇಳಿಸಿದ, ಹಿಂದೆ ಮುಂದೆ ಎಳೆದಾಡಿ ಸಡಿಲ ಮಾಡಿದ. ಹ್ಯಾಂಡಲಿನ ಮೇಲೆ ಸನ್ನೆಯನ್ನು ಒಂದಿಷ್ಟು ಕೆಳಕ್ಕೆ ತಿರುಗಿಸಿ, "ಈಗ ನೋಡಿ, ಮಣಿಕಟ್ಟು ಬಾಗಬೇಕಾಗಿಲ್ಲ," ಎಂದ. ಅವಳು ಒತ್ತಿ ನೋಡಿದಳು. ಬೆಣ್ಣೆಗೆ ಬೆರಳು ಒತ್ತಿದ ಹಾಗಿತ್ತು.

"ಹೆಬ್ಬೆರಳೇ ಇರಲಿ," ಎಂದಳು. "ದಾರೀಲಿ ನಾನು ಹಿಂದಕ್ಕೆ ವಾಲಿದ್ರೆ ತಾನಾಗಿ ಸುಮ್ಮನಾಗೋದು ನನಗೆ ಬೇಕು."

"ನಾನೇನು ಸೋತಿಲ್ಲ," ಎಂದಳು ಅಕ್ಕ. "ಕೂಗಿದ್ದು ಯಾವ ಗಾಡೀಲಿ ಅಂತ ಊರಿಗೇ ಗೊತ್ತು."

"ಅದೂ ನಿಜ. ಭಾನುವಾರ ನನಗೆ ಕೆಂಪು ಗಾಡಿ ಬೇಕು."

ಇಳಿಯುವ ಮುನ್ನ ಅವಳು ಗ್ರೀಸಣ್ಣನ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿದಳು. ಎದೆ ಡವಗುಟ್ಟುತ್ತಿತ್ತು. ಕೆರಳಿದ ಹೋರಿಯ ಎದುರು ನಿಂತಾಗಲೂ ಹಾಗೆ ಡವಗುಟ್ಟಿರಲಿಲ್ಲ.

"ಮುಂದಿನ ಸಲಕ್ಕೆ ಏನು ನೆಪ ಇಟ್ಕೊಂಡಿದೀರಿ?" ಎಂದು ಕೇಳಿದಳು.

"ಬ್ರೇಕ್ ಪ್ಯಾಡು," ಎಂದ ಅವನು ಪ್ರಾಮಾಣಿಕವಾಗಿ.

"ಬ್ರೇಕು ಈಗಲೇ ನೋಡಿಕೊಡಿ, ನಾನಿನ್ನು ಗುಡ್ಡ ಇಳೀಬೇಕು. ನೆಪ ಏನೂ ಬೇಡ. ರಾತ್ರಿ ಊಟಕ್ಕೆ ಬನ್ನಿ. ಮೆಟ್ಟಿಲ ಮೇಲೆ ಬಲ್ಬು ಕೆಟ್ಟಿದೆ, ಹುಷಾರಾಗಿ ಹತ್ತಿ. ಮತ್ತೆ ಕೇಳಿಸ್ಕೊಳ್ಳಿ, ಊಟದ ಹೊತ್ತಲ್ಲಿ ಥ್ರಾಟಲ್ಲಿನ ಮಾತು ಒಂದೂ ಆಡಬಾರದು."

ಅವನು ಬಗ್ಗಿ ಬ್ರೇಕು ನೋಡಿ, ಬಿಗಿ ಮಾಡಿ, ತಲೆ ಎತ್ತಿದ. "ಗೇರಿನ ಮಾತು?"

"ಅದೂ ಇಲ್ಲ."

"ಹಾಗಾದ್ರೆ ನಾನೇನು ಮಾತಾಡ್ಲಿ?"

"ಅದನ್ನೇ ನೋಡೋಣ ಅಂತ ಕರೀತಿರೋದು," ಎಂದು ಹೇಳಿ ಅವಳು ಸನ್ನೆ ಒತ್ತಿದಳು.

ಗಾಡಿ ಒಮ್ಮೆಯೂ ಕಿರ್ರ್ ಎನ್ನದೆ ಇಳಿಜಾರಿಗೆ ಹೊರಟಿತು. ಹಿಂದಿನಿಂದ ಅಕ್ಕ ಸೀಟಿ ಹೊಡೆದಳು. ಅಕ್ಕನ ಹಿಂದೆ ಗ್ರೀಸಣ್ಣ ಏನೋ ಹಾಡುತ್ತಿದ್ದ. ಅದು ಯಾವ ಹಾಡೋ, ರಾಗ ಇತ್ತೋ ಇಲ್ಲವೋ, ಗಾಡಿಗಳ ಗದ್ದಲದಲ್ಲಿ ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಕೆಳಗೆ ಬೀದಿಯ ಮಕ್ಕಳು, ಕೋಟಿನ ಗುಂಡಿ ಹಾಕದೆ, ಕೂದಲ ತುಂಬ ಹುಲ್ಲು ತುಂಬಿಕೊಂಡು, ಒಬ್ಬಳೇ ನಗುತ್ತ ಬರುತ್ತಿದ್ದ ಡಾಕ್ಟರಮ್ಮನನ್ನು ಕಂಡು ದಾರಿ ಬಿಟ್ಟು ನಿಂತರು.